ಮಕ್ಕಳ ತಪ್ಪಿಗೆಲ್ಲ ಗೇಮ್ ಮೇಲೆ ಗೂಬೆ ಕೂರಿಸಬೇಡಿ: ಪೋಷಕರಿಗೊಂದು ಬಹಿರಂಗ ಪತ್ರ

ಪ್ರೀತಿಯ ಪೋಷಕರೇ,

ಜಿಲ್ಲಾಧಿಕಾರಿಗಳಿಗೆ ಕೊಡಲು ನೀವು ಬರೆದ ಮನವಿ ಪತ್ರವನ್ನು ಪೂರ್ತಿ ಓದಿದೆ. ಮೊಬೈಲ್ ಗೇಮ್‌ನಿಂದ ಮಕ್ಕಳು ಹಾಳಾಗುತ್ತಿದ್ದಾರೆ, ಎದುರು ಮಾತಾಡುತ್ತಾರೆ, ಕ್ಲಾಸಿನಲ್ಲಿ ಹೊಡೆದಾಡುತ್ತಾರೆ, ಮನೆಯಲ್ಲಿ ದುಡ್ಡು ಎಗರಿಸುತ್ತಾರೆ, ಹಾಗಾಗಿ ಫ್ರೀ ಫೈರ್, ಬಿಜಿಎಂಐ (ಎರಡೂ ಮೊಬೈಲಿನಲ್ಲಿ ಆಡುವ ಗನ್ ಗೇಮ್) ಥರದ ಎಲ್ಲ ಗೇಮ್‌ಗಳನ್ನೂ ಸರ್ಕಾರ ಕೂಡಲೇ ನಿಷೇಧಿಸಬೇಕು ಅಂತ ಬರೆದಿದ್ದೀರಿ. ಟೀಚರ್ ಸಹಿ ಇದ್ದರೆ ಮನವಿಗೆ ತೂಕ ಬರುತ್ತದೆ ಅಂತ ನನ್ನ ಹತ್ತಿರ ತಂದಿರಿ. ನಾನು ಸಹಿ ಹಾಕಲಿಲ್ಲ. ಕೆಲವರಿಗೆ ಬೇಜಾರಾಗಿದೆ, ಗೊತ್ತು. ಶಾಲೆ ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಾಗೆಯೇ ತಲೆ ಕೆಡಿಸಿಕೊಂಡಿರುವ ಬೇರೆ ಊರಿನ ಅಪ್ಪ ಅಮ್ಮಂದಿರೂ, ಇಂಥ ಮನವಿಗಳನ್ನು ತೆಗೆದುಕೊಳ್ಳುವ ಅಧಿಕಾರಿಗಳೂ ಓದಲಿ.

ನಿಮ್ಮ ಆತಂಕ ಸುಳ್ಳು ಅಂತ ನಾನು ಹೇಳುತ್ತಿಲ್ಲ. ರಾತ್ರಿ ಒಂದು ಗಂಟೆವರೆಗೆ ಆಡಿ, ಬೆಳಿಗ್ಗೆ ಮೊದಲನೇ ಪಿರಿಯಡ್‌ನಲ್ಲೇ ತೂಕಡಿಸುವ ಹುಡುಗರನ್ನು ನಿಮಗಿಂತ ಜಾಸ್ತಿ ನೋಡುವವರು ನಾವು. ಆದರೆ ಮಗ ಮಾಡಿದ್ದಕ್ಕೆಲ್ಲ ಗೇಮೇ ಕಾರಣ ಅಂದುಬಿಟ್ಟರೆ ನಿಜವಾದ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಆಮೇಲೆ ಆ ಹುಡುಗನನ್ನು ಕೇಳುವವರು ಯಾರೂ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ನಿಷೇಧ ಮಾಡಿ ಅನ್ನುತ್ತೀರಲ್ಲ, ನಮ್ಮ ದೇಶ ಅದನ್ನು ಈಗಾಗಲೇ ಮಾಡಿ ನೋಡಿದೆ. ನೆನಪಿದೆಯಾ, 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ಅನ್ನುವ ಗನ್ ಗೇಮ್ ಆಡುವುದನ್ನೇ ಅಪರಾಧ ಮಾಡಿ ಆದೇಶ ಹೊರಡಿಸಿದರು. ಕಾಲೇಜು ಹುಡುಗರನ್ನೂ ಸೇರಿಸಿ ಹತ್ತು ಜನರನ್ನು ಹಿಡಿದರು. ಆಟದಲ್ಲಿ ಎಷ್ಟು ಮುಳುಗಿದ್ದರು ಅಂದರೆ ಪೊಲೀಸರು ಹತ್ತಿರ ಬಂದದ್ದೂ ಗೊತ್ತಾಗಲಿಲ್ಲ ಅಂತ ಸುದ್ದಿಯಾಯಿತು. ಹುಡುಗರ ಮೇಲೆ ಕೇಸು ಬಿತ್ತು, ಆಟ ನಿಲ್ಲಲಿಲ್ಲ. ಆಮೇಲೆ 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವತ್ತು ಎಷ್ಟು ಮನೆಗಳಲ್ಲಿ ಸಮಾಧಾನದ ಉಸಿರು ಬಿಟ್ಟಿದ್ದರೋ. ನಮ್ಮ ಹುಡುಗರು ಮಾತ್ರ ಫ್ರೀ ಫೈರ್‌ಗೆ ಹೋದರು, ಇನ್ನು ಕೆಲವರು ಕಾಲ್ ಆಫ್ ಡ್ಯೂಟಿಗೆ ಹೋದರು. 2021ರ ಜುಲೈನಲ್ಲಿ ಪಬ್‌ಜಿಯೇ ಬಿಜಿಎಂಐ ಅನ್ನುವ ಹೆಸರಲ್ಲಿ ವಾಪಸ್ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಆದರೆ ಫ್ರೀ ಫೈರ್ ಮ್ಯಾಕ್ಸ್ ಹಾಗೇ ಉಳಿಯಿತು, ಹುಡುಗರು ಅದಕ್ಕೆ ಹಾರಿದರು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಪ್ಲೇ ಸ್ಟೋರಿನಿಂದ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಗಮನಿಸಿ, ಕೇಂದ್ರ ಸರ್ಕಾರದ ಈ ಯಾವ ನಿಷೇಧವೂ ಮಕ್ಕಳ ನಡತೆಗಾಗಿ ಆದದ್ದಲ್ಲ. ದೇಶದ ಭದ್ರತೆ, ಜನರ ಮಾಹಿತಿ ಹೊರದೇಶಕ್ಕೆ ಹೋಗುವುದು, ಈ ಕಾರಣಕ್ಕೆ ಆದದ್ದು. ಆದರೂ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಒಂದು ಗೇಮ್ ಹೋದರೆ ಹುಡುಗರು ವಾರದೊಳಗೆ ಇನ್ನೊಂದು ಹುಡುಕಿಕೊಳ್ಳುತ್ತಾರೆ. ಆ ವಾರ ಎದುರು ಮಾತಾಡುವುದನ್ನು ಬಿಟ್ಟ ಒಬ್ಬನನ್ನೂ ನಾನು ನೋಡಲಿಲ್ಲ.

ಬೇರೆ ದೇಶದವರೂ ಪ್ರಯತ್ನ ಮಾಡಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 2011ರಿಂದ ಹದಿನಾರು ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಅಂತ ಕಾನೂನೇ ಇತ್ತು. ಹತ್ತು ವರ್ಷ ನೋಡಿ, ಪ್ರಯೋಜನ ಇಲ್ಲ ಅಂತ ತೆಗೆದುಹಾಕಿದರು. ಈಗ ಎಷ್ಟು ಹೊತ್ತು ಆಡಬೇಕು ಅನ್ನುವುದನ್ನು ಅಪ್ಪ ಅಮ್ಮ ಮತ್ತು ಮಕ್ಕಳೇ ಕೂತು ಗೊತ್ತುಮಾಡಿಕೊಳ್ಳುತ್ತಾರೆ. ಚೀನಾ ಇನ್ನೂ ಬಿಗಿ. 2021ರಿಂದ ಅಲ್ಲಿನ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜಾ ದಿನ ರಾತ್ರಿ ಎಂಟರಿಂದ ಒಂಬತ್ತು ಗಂಟೆ, ಅಷ್ಟೇ. ಅದಕ್ಕೂ ಮುಂಚೆ 2019ರಲ್ಲಿ ಹಾಕಿದ್ದ ಮಿತಿ ಏನು ಮಾಡಿತು ಅಂತ ಸಂಶೋಧಕರು ಆಟದ ಲೆಕ್ಕಗಳನ್ನೇ ತೆಗೆದು ನೋಡಿದರು. ವಿಪರೀತ ಆಡುವುದು ಕಮ್ಮಿಯಾಯಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ಅಂತ 2023ರಲ್ಲಿ ವರದಿ ಪ್ರಕಟಿಸಿದರು. ಅಷ್ಟು ಕಟ್ಟುನಿಟ್ಟಿನ ಸರ್ಕಾರದ ಗತಿ ಇದಾದರೆ ನಮ್ಮ ಜಿಲ್ಲಾಧಿಕಾರಿಗಳು ಏನು ಮಾಡಿಯಾರು?

ನಿಮ್ಮ ಮನವಿಯಲ್ಲಿ ಬೆಳಗಾವಿಯ ಘಟನೆ ಬರೆದಿದ್ದೀರಿ. 2019ರ ಸೆಪ್ಟೆಂಬರ್, ಕಾಕತಿ. ಪಬ್‌ಜಿ ಆಡಬೇಡ ಅಂದದ್ದಕ್ಕೆ ಮಗ ತಂದೆಯನ್ನೇ ಕೊಂದ ಅಂತ ಸುದ್ದಿಯಾಯಿತು. ಓದಿದರೆ ಈಗಲೂ ಮೈ ನಡುಗುತ್ತದೆ. ಆದರೆ ಆ ಸುದ್ದಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಆ ಯುವಕನಿಗೆ ಇಪ್ಪತ್ತು ದಾಟಿತ್ತು. ಚಿಕ್ಕ ಮಗು ಅಲ್ಲ. ಅದೇ ರಾತ್ರಿ ಅದೇ ಗೇಮನ್ನು ದೇಶದ ತುಂಬ ಲಕ್ಷಾಂತರ ಹುಡುಗರು ಆಡಿ ಮಲಗಿದ್ದಾರೆ. ಅವರ ಮನೆಗಳಲ್ಲಿ ಏನೂ ಆಗಲಿಲ್ಲ. ಹಾಗಾದರೆ ಆ ಒಂದು ಮನೆಯಲ್ಲಿ, ಆ ಒಬ್ಬನ ತಲೆಯಲ್ಲಿ, ಅಷ್ಟು ದಿನದಿಂದ ಏನು ನಡೆಯುತ್ತಿತ್ತು ಅಂತ ಕೇಳಬೇಕಿತ್ತು ಅಲ್ವಾ? ಟಿವಿಯವರು ಕೇಳಲಿಲ್ಲ. ಗೇಮಿನ ಹೆಸರು ಸಿಕ್ಕಿತು, ಅಲ್ಲಿಗೆ ಸುದ್ದಿ ಮುಗಿಯಿತು.

ಹೆದರಿಕೆ ಹೇಗೆ ಹಬ್ಬುತ್ತದೆ ಅನ್ನುವುದಕ್ಕೆ 2017ರ ಬ್ಲೂ ವೇಲ್ ಗಲಾಟೆ ನೋಡಿ. ಆಡುವ ಮಕ್ಕಳನ್ನು ಜೀವ ಕಳೆದುಕೊಳ್ಳುವ ಹಾಗೆ ಮಾಡುತ್ತದೆ ಅಂತ ಸುದ್ದಿಯಾಗಿದ್ದ ಆನ್‌ಲೈನ್ ಆಟ ಅದು. ಎಲ್ಲ ಶಾಲೆಗಳಲ್ಲೂ ಪೋಷಕರ ಸಭೆ, ಎಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಎಚ್ಚರಿಕೆ. ಮಕ್ಕಳ ಕೈ ತೋಳು ನೋಡಿ, ಬ್ಲೇಡಿನ ಗೀರು ಇದೆಯಾ ನೋಡಿ ಅಂತ. ದೇಶದಲ್ಲಿ ಎಲ್ಲೇ ಹದಿಹರೆಯದ ಮಗು ಜೀವ ಕಳೆದುಕೊಂಡರೂ ಆ ಗೇಮಿನ ಹೆಸರೇ. ಕೇಂದ್ರ ಸರ್ಕಾರ ಸಮಿತಿ ಮಾಡಿ ತನಿಖೆ ನಡೆಸಿತು. 2018ರ ಜನವರಿಯಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಈ ಯಾವ ಪ್ರಕರಣದಲ್ಲೂ ಬ್ಲೂ ವೇಲ್ ಪಾತ್ರ ಸಾಬೀತಾಗಲಿಲ್ಲ ಅಂತ ಹೇಳಿತು. ಆ ಉತ್ತರ ಎಷ್ಟು ಜನ ಓದಿದಿರಿ? ಆ ಮಕ್ಕಳು ಯಾಕೆ ಹೋದರು ಅನ್ನುವ ಪ್ರಶ್ನೆಗೆ ಉತ್ತರ ಸಿಗದೇ ಹೋಯಿತು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ. ಪರೀಕ್ಷೆಯ ಭಯ ಇತ್ತೋ, ಮನೆಯಲ್ಲಿ ಜಗಳ ಇತ್ತೋ, ಯಾರಾದರೂ ಹಿಂಸೆ ಕೊಡುತ್ತಿದ್ದರೋ, ಯಾರು ಹೇಳುತ್ತಾರೆ ಈಗ?

ಹಿಂಸೆಯ ಗೇಮ್ ಆಡಿದರೆ ಮಕ್ಕಳು ಹಿಂಸೆಗೆ ಇಳಿಯುತ್ತಾರೆಯೇ ಅನ್ನುವುದನ್ನು ವಿಜ್ಞಾನಿಗಳು ಸುಮಾರು ವರ್ಷಗಳಿಂದ ನೋಡುತ್ತಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಇದರ ಬಗ್ಗೆ ಒಂದು ನಿರ್ಣಯ ಹೊರಡಿಸಿತು. ಕೂಗಾಡುವುದು, ತಳ್ಳುವುದು, ಇಂಥ ಸಣ್ಣ ಮಟ್ಟದ ಸಿಟ್ಟಿಗೂ ಗೇಮಿಗೂ ಸ್ವಲ್ಪ ಸಂಬಂಧ ಕಾಣುತ್ತದೆ, ಆದರೆ ಗಂಭೀರ ಹಿಂಸೆಗೆ ಗೇಮೇ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ, ಹಾಗೆ ಅಂದುಬಿಟ್ಟರೆ ಬೇರೆ ಮುಖ್ಯ ಕಾರಣಗಳ ಕಡೆ ಗಮನವೇ ಹೋಗುವುದಿಲ್ಲ ಅಂತ ಅದು ಹೇಳಿತು. ಅದಕ್ಕೂ ಒಂದು ವರ್ಷ ಮುಂಚೆ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ಹದಿನಾಲ್ಕು ಹದಿನೈದು ವರ್ಷದ ಸುಮಾರು ಸಾವಿರ ಮಕ್ಕಳನ್ನು ನೋಡಿದರು. ಆಡುವ ಮಕ್ಕಳ ಮಾತು ಮಾತ್ರ ಕೇಳಲಿಲ್ಲ, ಅಪ್ಪ ಅಮ್ಮಂದಿರನ್ನೂ ಕೇಳಿದರು. ಹಿಂಸೆಯ ಗೇಮಿಗೂ ಮಕ್ಕಳ ಆಕ್ರಮಣಕಾರಿ ನಡತೆಗೂ ನಂಟು ಸಿಗಲಿಲ್ಲ. ಇದನ್ನೆಲ್ಲ ಒಪ್ಪಲೇಬೇಕು ಅಂತ ನಾನು ಹೇಳಲ್ಲ. ಆದರೆ ಮನವಿಯಲ್ಲಿ "ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ" ಅಂತ ಒಂದು ಸಾಲು ಇದೆಯಲ್ಲ, ಅದನ್ನು ದಯವಿಟ್ಟು ತೆಗೆಯಿರಿ. ಅದು ನಿಜ ಅಲ್ಲ.

ಈಗ ನಮ್ಮ ಶಾಲೆಗೇ ಬರೋಣ. ಕೆಲವು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪಕ್ಕದವನ ಕೈಗೆ ಕೈವಾರದಿಂದ ಚುಚ್ಚಿದ. ರಕ್ತ ಬಂತು, ಗಲಾಟೆಯಾಯಿತು, ಎರಡೂ ಮನೆಯವರು ಬಂದರು. "ಇಡೀ ದಿನ ಆ ಗನ್ ಗೇಮ್ ಆಡ್ತಾನೆ, ಇನ್ನೇನಾಗುತ್ತೆ" ಅಂತ ಅವನ ಮನೆಯವರೇ ಅಂದರು. ಸ್ಟಾಫ್ ರೂಮಿನಲ್ಲೂ ಅದೇ ಮಾತು. ಎಲ್ಲರೂ ಹೋದ ಮೇಲೆ ಅವನ ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ಯಾರೋ ಒಂದು ಬಾಟಲಿ ಚಿತ್ರ ಬರೆದು, ಅದರ ಕೆಳಗೆ ಅವರಪ್ಪನ ಹೆಸರು ಬರೆದಿದ್ದರು. ಅದರ ಹಿಂದಿನ ಪುಟದಲ್ಲೂ ಅದೇ. ಇನ್ನೊಂದು ನೋಟ್‌ಬುಕ್ಕಿನಲ್ಲೂ ಅದೇ. ಒಂದೆರಡು ಕಡೆ ಅಳಿಸಲು ಹೋಗಿ ಪುಟ ಹರಿದಿತ್ತು. ಅಪ್ಪ ದಿನಾ ಕುಡಿದು ಬಸ್ ಸ್ಟ್ಯಾಂಡಿನ ಹತ್ತಿರ ಬಿದ್ದಿರುವುದನ್ನು ಇಡೀ ಕ್ಲಾಸು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿತ್ತು. ಆ ಹುಡುಗ ಮನೆಯಲ್ಲಿ ಹೇಳುವಂತಿಲ್ಲ, ಶಾಲೆಯಲ್ಲಿ ಹೇಳಿದರೆ ಇನ್ನೂ ಅವಮಾನ. ಗೇಮ್ ಆಡುವಾಗ ಮಾತ್ರ ಅವನನ್ನು ಯಾರೂ ಅಪ್ಪನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಂಥ ಹುಡುಗನ ಫೋನ್ ಕಿತ್ತುಕೊಂಡು ಸಮಸ್ಯೆ ಮುಗಿಯಿತು ಅನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅವನು ಚುಚ್ಚಿದ್ದು ತಪ್ಪೇ. ಅದಕ್ಕೆ ಶಿಕ್ಷೆಯೂ ಆಯಿತು. ಆದರೆ ಆ ಪುಟಗಳನ್ನು ಯಾರಾದರೂ ಮುಂಚೆಯೇ ತಿರುವಿ ನೋಡಿದ್ದರೆ ಕೈವಾರ ಬರೀ ವೃತ್ತ ಬರೆಯುವುದಕ್ಕೇ ಉಳಿಯುತ್ತಿತ್ತು.

ಮನವಿಯಲ್ಲಿ ಇನ್ನೊಂದು ದೂರು, "ಊಟಕ್ಕೆ ಬಾ ಅಂದರೆ ಹುಚ್ಚು ಹಿಡಿದವರಂತೆ ಕೂಗುತ್ತಾರೆ" ಅಂತ. ಇದನ್ನು ನಿಮ್ಮಲ್ಲಿ ತುಂಬ ಜನ ಹೇಳಿದ್ದೀರಿ. ಆ ಗೇಮ್ ಹೇಗೆ ನಡೆಯುತ್ತದೆ ಅಂತ ಒಂದು ಸಲ ಮಗನ ಪಕ್ಕ ಕೂತು ನೋಡಿದ್ದೀರಾ? ಬಿಜಿಎಂಐನ ದೊಡ್ಡ ಮ್ಯಾಪಿನಲ್ಲಿ ನೂರು ಜನ ಒಟ್ಟಿಗೆ ಇಳಿಯುತ್ತಾರೆ, ನಾಲ್ಕು ನಾಲ್ಕು ಜನರ ತಂಡ. ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ. ಫ್ರೀ ಫೈರ್ ಚಿಕ್ಕದು, ಐವತ್ತು ಜನ, ಹತ್ತು ಹದಿನೈದು ನಿಮಿಷ. ಮಧ್ಯದಲ್ಲಿ ನಿಲ್ಲಿಸಿ ಆಮೇಲೆ ಮುಂದುವರಿಸುವ ಹಾಗೆ ಇಲ್ಲ. ಇವನು ಎದ್ದು ಬಂದರೆ ಉಳಿದ ಮೂರು ಜನ ಸೋಲುತ್ತಾರೆ, ಅವರು ಇವನ ಕ್ಲಾಸಿನ ಗೆಳೆಯರೇ, ನಾಳೆ ಬೆಳಿಗ್ಗೆ ಬೈಯುತ್ತಾರೆ. ಆ ಕಡೆ "ರಿವೈವ್ ಮಾಡೋ, ರಿವೈವ್ ಮಾಡೋ" (ಗುಂಡು ತಿಂದು ಬಿದ್ದವನನ್ನು ಎಬ್ಬಿಸು) ಅಂತ ಒಬ್ಬ ಕಿವಿಯಲ್ಲಿ ಕಿರುಚುತ್ತಿರುತ್ತಾನೆ, ಈ ಕಡೆ ನೀವು ಹಿಂದಿನಿಂದ ಬಂದು ಫೋನ್ ಕಿತ್ತುಕೊಳ್ಳುತ್ತೀರಿ. ಕೂಗದೆ ಇನ್ನೇನು ಮಾಡುತ್ತಾನೆ? ಹಾಗಂತ ಅಮ್ಮನ ಮೇಲೆ ಕೂಗುವುದು ಸರಿ ಅಂತಲ್ಲ. "ಎಂಟೂಕಾಲಿಗೆ ಊಟ, ಅದಕ್ಕಿಂತ ಮುಂಚೆ ಮುಗಿಯದ ಮ್ಯಾಚ್ ಶುರು ಮಾಡಬೇಡ" ಅಂತ ಮೊದಲೇ ಹೇಳಿ ನೋಡಿ. ಶುರು ಮಾಡಿದರೆ ಮಾರನೇ ದಿನ ಆಟ ಇಲ್ಲ ಅನ್ನಿ. ಹೇಳಿದ ಮೇಲೆ ಮಾರನೇ ದಿನ ನಿಜವಾಗಿಯೂ ಕೊಡಬೇಡಿ. ಅತ್ತರೂ ಕೊಡಬೇಡಿ, ಅಜ್ಜಿ ಹೇಳಿದರೂ ಕೊಡಬೇಡಿ. ನಮ್ಮ ಮನೆಗಳಲ್ಲಿ ಎಡವುವುದು ಇಲ್ಲೇ. ಸೋಮವಾರ ಸಿಟ್ಟು ಬಂದಾಗ ಫೋನನ್ನು ಗೋಡೆಗೆ ಎಸೆಯುತ್ತೇವೆ, ಬುಧವಾರ ಮನೆಗೆ ನೆಂಟರು ಬಂದಾಗ ಸುಮ್ನೆ ಕೂತ್ಕೋ ಅಂತ ನಾವೇ ಫೋನ್ ಕೊಡುತ್ತೇವೆ. ಮಗುವಿಗೆ ನಿಯಮ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಅಪ್ಪನ ಮೂಡ್ ನೋಡಿ ನಡೆದುಕೊಳ್ಳುವುದನ್ನು ಕಲಿಯುತ್ತದೆ, ಅಷ್ಟೇ.

ದುಡ್ಡಿನ ವಿಷಯ. ಇದು ನಿಜಕ್ಕೂ ದೊಡ್ಡದು. ನಮ್ಮ ತಾಲ್ಲೂಕಿನಲ್ಲಿ ಎಳನೀರು ಅಂಗಡಿ ಇಟ್ಟುಕೊಂಡಿರುವ ಒಬ್ಬ ತಂದೆ ಬಂದಿದ್ದರು. ಖಾತೆಯಿಂದ ಆರು ಸಾವಿರ ಹೋಗಿದೆ, ಮಗನಿಗೆ ಗೇಮಿನವರು ಮೋಸ ಮಾಡಿದ್ದಾರೆ ಅಂತ. ಇಬ್ಬರೂ ಕೂತು ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ನೋಡಿದೆವು. ಎಂಬತ್ತು, ಎಂಬತ್ತು, ನೂರಅರವತ್ತು, ಹೀಗೆ ಎರಡು ತಿಂಗಳಿಂದ ಹೋಗುತ್ತಲೇ ಇತ್ತು. ಎಲ್ಲವೂ ಫ್ರೀ ಫೈರಿನ ಡೈಮಂಡ್‌ಗೆ, ಅಂದರೆ ಆ ಗೇಮಿನೊಳಗೆ ನಡೆಯುವ ದುಡ್ಡಿಗೆ. ಸಾಲದ ಆಫರು, ರೀಚಾರ್ಜ್ ಆಫರುಗಳ ಮಧ್ಯೆ ಆ ಮೆಸೇಜುಗಳು ಕಳೆದುಹೋಗಿದ್ದವು, ಅವರು ಓದಿರಲಿಲ್ಲ. ಪಿನ್ ಹೇಗೆ ಗೊತ್ತಾಯಿತು ಅಂದರೆ ಅವರೇ ಹೇಳಿಕೊಟ್ಟದ್ದು. ಕೈಯಲ್ಲಿ ಮಚ್ಚು ಇರುತ್ತದೆ, ಗಿರಾಕಿ ನಿಂತಿರುತ್ತಾರೆ, ಲೋಡ್ ತಂದವನಿಗೆ ದುಡ್ಡು ಹಾಕು ಅಂತ ಮಗನಿಗೆ ಫೋನ್ ಕೊಟ್ಟು ಪಿನ್ ಕೂಗಿ ಹೇಳುತ್ತಿದ್ದರು. ಪಾಪ, ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಹದಿಮೂರು ವರ್ಷದವನ ಕೈಗೆ ಬ್ಯಾಂಕ್ ಖಾತೆಯನ್ನೇ ಕೊಟ್ಟು, ಆಮೇಲೆ ಗೇಮ್ ಕಿತ್ತುಕೊಂಡಿತು ಅಂದರೆ ಹೇಗೆ? ಆ ತಂದೆಯನ್ನು ನಾನು ಮೆಚ್ಚಿಕೊಂಡದ್ದು ಆಮೇಲೆ. ಮಗನಿಗೆ ಹೊಡೆಯಲಿಲ್ಲ. ಪಿನ್ ಬದಲಾಯಿಸಿದರು. ಹೋದ ದುಡ್ಡು ತೀರುವವರೆಗೆ ಪ್ರತಿ ಭಾನುವಾರ ಅಂಗಡಿಯಲ್ಲಿ ಕೂರಿಸಿಕೊಂಡರು. ಒಂದು ಎಳನೀರಿನ ಮೇಲೆ ಅಪ್ಪನಿಗೆ ಎಷ್ಟು ಉಳಿಯುತ್ತದೆ ಅಂತ ಆ ಹುಡುಗನಿಗೆ ಆಗ ಗೊತ್ತಾಯಿತು.

ಹಾಗಾದರೆ ಕಂಪನಿಗಳದ್ದು ಏನೂ ತಪ್ಪಿಲ್ಲವಾ? ಖಂಡಿತ ಇದೆ, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ದಿನಾ ಬಂದು ಹೋದರೆ ಒಂದು ಬಹುಮಾನ, ಒಂದು ದಿನ ತಪ್ಪಿಸಿದರೆ ಸಾಲು ಮುರಿಯುತ್ತದೆ, ಇವತ್ತು ರಾತ್ರಿವರೆಗೆ ಮಾತ್ರ ಈ ಡ್ರೆಸ್ ಸಿಗುತ್ತದೆ, ಇವೆಲ್ಲ ಮಗುವನ್ನು ಎಳೆದು ಕೂರಿಸಲಿಕ್ಕೇ ಮಾಡಿದ್ದು. ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವುದು ಜೂಜು ಅಂತ ಬೆಲ್ಜಿಯಂ 2018ರಲ್ಲೇ ಹೇಳಿತು. ಫೋರ್ಟ್‌ನೈಟ್ ಅನ್ನುವ ಗೇಮ್ ಮಾಡುವ ಎಪಿಕ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಜೊತೆ 52 ಕೋಟಿ ಡಾಲರಿಗೆ ರಾಜಿ ಮಾಡಿಕೊಳ್ಳಬೇಕಾಯಿತು. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಮಾಹಿತಿ ತೆಗೆದುಕೊಂಡದ್ದು, ಬಟನ್‌ಗಳನ್ನು ಹೇಗೆಂದರೆ ಹಾಗೆ ಇಟ್ಟು ಗೊತ್ತಿಲ್ಲದೆಯೇ ಖರೀದಿ ಆಗುವಂತೆ ಮಾಡಿದ್ದು, ಇವು ಅಲ್ಲಿನ ಆರೋಪಗಳು. ಸರ್ಕಾರ ಕೈ ಹಾಕಬೇಕಾದ್ದು ಇಂಥ ಕಡೆ. ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಲ್ಲಿಸಿತಲ್ಲ, ಅದು ಒಳ್ಳೆಯದೇ. ಆದರೆ ಆ ಕಾನೂನು ರಮ್ಮಿ, ಬೆಟ್ಟಿಂಗ್ ಥರದವಕ್ಕೆ. ನಮ್ಮ ಹುಡುಗರು ಆಡುವುದು ಬೇರೆ. ಎರಡನ್ನೂ ಒಂದೇ ಮಾಡಿ ಮನವಿ ಬರೆದರೆ ಕಚೇರಿಯಲ್ಲಿ ಪಕ್ಕಕ್ಕಿಡುತ್ತಾರೆ. ಇನ್ನು ಒಂದು ಮಾತು ಹೇಳಲೇಬೇಕು. ಐಪಿಎಲ್ ಬಂದಾಗ ಅಪ್ಪ ಬೆಟ್ಟಿಂಗ್ ಕಟ್ಟಿ ರಾತ್ರಿ ಮನೆಯಲ್ಲಿ ಪಾತ್ರೆ ಎಸೆಯುವುದನ್ನು ನೋಡಿ ಬೆಳೆದ ಮಗುವಿಗೆ ಸಿಟ್ಟು ಕಲಿಸಲು ಯಾವ ಗೇಮೂ ಬೇಕಿಲ್ಲ.

ಬಿಜಿಎಂಐನಲ್ಲಿ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇದೆ, ಪೋಷಕರ ಒಪ್ಪಿಗೆಯೂ ಬೇಕು. ಗೊತ್ತಿತ್ತಾ? ನಮ್ಮ ಹುಡುಗರು ಅದನ್ನು ಹೇಗೆ ದಾಟುತ್ತಾರೆ ಅಂತ ಅವರೇ ನನಗೆ ಹೇಳಿದ್ದಾರೆ. ವಯಸ್ಸು ಕೇಳಿದ ಕಡೆ ಅಪ್ಪನ ಹುಟ್ಟಿದ ವರ್ಷ ಹಾಕುತ್ತಾರೆ. ಓಟಿಪಿ ಬರುವುದು ಅಪ್ಪನ ನಂಬರಿಗೆ, ಆ ಫೋನ್ ಇರುವುದು ಮಗನ ಕೈಯಲ್ಲೇ. ಒಪ್ಪಿಗೆ ಕೊಟ್ಟವನೂ ಅವನೇ, ಕೇಳಿದವನೂ ಅವನೇ. ಇದಕ್ಕೆ ಯಾವ ಕಾನೂನು ತರುತ್ತೀರಿ? ಪ್ಲೇ ಸ್ಟೋರಿನ ಸೆಟ್ಟಿಂಗ್ಸ್ ಒಳಗೆ ಪೇರೆಂಟಲ್ ಕಂಟ್ರೋಲ್ಸ್ ಅಂತ ಇದೆ, ವಯಸ್ಸಿಗೆ ಮೀರಿದ ಗೇಮ್ ಇಳಿಸಿಕೊಳ್ಳದ ಹಾಗೆ ಬೀಗ ಹಾಕಬಹುದು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಬಹುದು. ಫ್ಯಾಮಿಲಿ ಲಿಂಕ್ ಅನ್ನುವ ಆ್ಯಪ್ ಇದೆ, ರಾತ್ರಿ ಒಂಬತ್ತೂವರೆಗೆ ಮಗನ ಫೋನ್ ತಾನಾಗಿಯೇ ಲಾಕ್ ಆಗುವ ಹಾಗೆ ಇಡಬಹುದು. ಇದ್ಯಾವುದಕ್ಕೂ ದುಡ್ಡು ಬೇಡ. ಆದರೆ ಇದೆಲ್ಲ ಮಾಡಿ ಸುಮ್ಮನಾಗಬೇಡಿ. ಹುಡುಗರು ಬುದ್ಧಿವಂತರು, ಬೀಗ ತೆಗೆಯುವ ದಾರಿ ಹುಡುಕುತ್ತಾರೆ. ಯಾರ ಜೊತೆ ಆಡುತ್ತಿದ್ದಾನೆ, ವಾಯ್ಸ್ ಚಾಟಿನಲ್ಲಿ ಮಾತಾಡುವ ಆ ದೊಡ್ಡವನು ಯಾರು ಅಂತ ಕೇಳಬೇಕಾದವರು ನೀವೇ. ಸಿಟ್ಟಿನಿಂದ ಕೇಳಿದರೆ ಉತ್ತರ ಬರುವುದಿಲ್ಲ.

ನಿಮ್ಮ ದುಡಿಮೆ ನನಗೆ ಗೊತ್ತಿದೆ. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನ್ ಹತ್ತುವ ಅಮ್ಮಂದಿರು ಇದ್ದೀರಿ, ವಾರಕ್ಕೊಮ್ಮೆ ಮನೆಗೆ ಬರುವ ಲಾರಿ ಡ್ರೈವರ್ ಅಪ್ಪಂದಿರು ಇದ್ದೀರಿ. ಮಕ್ಕಳ ಕೈಗೆ ಫೋನ್ ಬಂದದ್ದು ನಿಮ್ಮ ಶೋಕಿಗಲ್ಲ. 2020ರಲ್ಲಿ ಶಾಲೆ ಮುಚ್ಚಿತು, ಫೋನ್ ಇಲ್ಲದಿದ್ದರೆ ಪಾಠ ಇಲ್ಲ ಅಂದೆವು, ನೀವು ಸಾಲ ಮಾಡಿ ತಂದಿರಿ. ಶಾಲೆ ತೆರೆಯಿತು, ಫೋನ್ ಅವರ ಕೈಯಲ್ಲೇ ಉಳಿಯಿತು. ಹಾಗಾಗಿ ಜವಾಬ್ದಾರಿ ಅಂದಾಗ ಅಮ್ಮ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು ಅನ್ನುವ ಅರ್ಥ ದಯವಿಟ್ಟು ಯಾರೂ ಹಚ್ಚಬೇಡಿ. ಪೋಷಕರ ಸಭೆಗೆ ಬರುವವರಲ್ಲಿ ಅಮ್ಮಂದಿರೇ ಜಾಸ್ತಿ, ಬೈಸಿಕೊಳ್ಳುವವರೂ ಅವರೇ. ಅಪ್ಪಂದಿರು ಎಲ್ಲಿದ್ದೀರಿ? ದೂರದಲ್ಲಿದ್ದರೂ ರಾತ್ರಿ ಒಂದು ಹತ್ತು ನಿಮಿಷ ಫೋನಿನಲ್ಲಿ ಮಗನ ಜೊತೆ ಮಾತಾಡಬಹುದು, ಮಾರ್ಕ್ಸ್ ವಿಷಯ ಬಿಟ್ಟು ಬೇರೆ ಏನಾದರೂ. ಇವತ್ತು ಯಾವ ಮ್ಯಾಚ್ ಗೆದ್ದೆ ಅಂತಲೇ ಕೇಳಿ. ಅಲ್ಲಿಂದಲೇ ಉಳಿದ ಮಾತು ಬರುತ್ತದೆ, ನಾನು ಕ್ಲಾಸಿನಲ್ಲಿ ನೋಡಿದ್ದೇನೆ.

ಕೆಲವು ಮಕ್ಕಳಿಗೆ ಇದು ನಿಜವಾಗಿಯೂ ಕಾಯಿಲೆ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅಂತ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತವೇ ಇಲ್ಲದಿರುವುದು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಬದುಕು ಕೆಡುತ್ತಿದೆ ಅಂತ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದರೆ ಹಾಗೆ ಅನ್ನುತ್ತಾರೆ. ಆಡುವವರಲ್ಲಿ ಇಂಥವರು ಸ್ವಲ್ಪವೇ ಜನ ಅಂತಲೂ ಆ ಸಂಸ್ಥೆಯೇ ಹೇಳಿದೆ. ನಿಮ್ಮ ಮಗುವಿನಲ್ಲಿ ಈ ಲಕ್ಷಣ ಕಂಡರೆ ದೇವಸ್ಥಾನ, ತಾಯತ ಅಂತ ಅಲೆಯಬೇಡಿ, ಹೊಡೆಯಲೂಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಶಟ್ ಕ್ಲಿನಿಕ್ ಅಂತ ಇದೆ, ಮೊಬೈಲ್, ಗೇಮ್, ಇಂಟರ್ನೆಟ್ ಚಟಕ್ಕೇ ಮೀಸಲಾದದ್ದು. ಅಲ್ಲಿಗೆ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಆನ್‌ಲೈನಿನಲ್ಲಿ ಮಗುವನ್ನು ಹೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930 ಇದೆ.

ಈಗ ಅಧಿಕಾರಿಗಳಿಗೆ. ನಮ್ಮ ಶಾಲೆಗೆ ಮೈದಾನ ಇದೆ. ಆದರೆ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ, ರಜಾ ದಿನಗಳಲ್ಲಿ ತೆರೆಯುವುದೇ ಇಲ್ಲ. ಏನಾದರೂ ಆದರೆ ಯಾರು ಹೊಣೆ ಅನ್ನುವ ಭಯ, ಅದೂ ಅರ್ಥವಾಗುತ್ತದೆ. ಊರಿನ ಉಳಿದ ಖಾಲಿ ಜಾಗಗಳಲ್ಲಿ ಸೈಟ್ ಕಲ್ಲು ನೆಟ್ಟಾಗಿದೆ. ಹುಡುಗರು ಎಲ್ಲಿಗೆ ಹೋಗಬೇಕು? ಹೆಣ್ಣುಮಕ್ಕಳ ಪಾಡಂತೂ ಇನ್ನೂ ಕಷ್ಟ, ಅವರಿಗೆ ಫೋನೂ ಇಲ್ಲ, ಮೈದಾನವೂ ಇಲ್ಲ, ಅವರ ಬಗ್ಗೆ ಮನವಿಯಲ್ಲಿ ಒಂದು ಸಾಲೂ ಇಲ್ಲ. ನೂರಾರು ಮಕ್ಕಳಿರುವ ಹೈಸ್ಕೂಲಿಗೆ ಒಬ್ಬ ಆಪ್ತ ಸಮಾಲೋಚಕರು ಇಲ್ಲ. ಆ ಕೈವಾರದ ಹುಡುಗ ಹೋಗಿ ಮಾತಾಡಲು ಒಂದು ಕುರ್ಚಿ ಇರಲಿಲ್ಲ.

ಆದ್ದರಿಂದ ಮನವಿಯನ್ನು ಹೀಗೆ ತಿದ್ದಿ. ಶಾಲಾ ಮೈದಾನವನ್ನು ಸಂಜೆ ಆರೂವರೆವರೆಗೂ, ರಜಾ ದಿನಗಳಲ್ಲೂ ತೆರೆದಿಡಬೇಕು, ಒಬ್ಬರು ಕಾವಲಿಗೆ ಇರಬೇಕು, ವಾರದಲ್ಲಿ ಎರಡು ಸಂಜೆ ಹೆಣ್ಣುಮಕ್ಕಳಿಗೇ ಬಿಡಬೇಕು ಅಂತ ಬರೆಯಿರಿ. ತಾಲ್ಲೂಕಿಗೆ ಕೊನೇಪಕ್ಷ ಇಬ್ಬರು ಆಪ್ತ ಸಮಾಲೋಚಕರು ಶಾಲೆಯಿಂದ ಶಾಲೆಗೆ ಹೋಗುವ ಹಾಗೆ ಮಾಡಿ ಅಂತ ಬರೆಯಿರಿ. ಗೇಮ್ ಕಂಪನಿಗಳ ಬಗ್ಗೆ ಬರೆಯುವುದಾದರೆ, ಪೋಷಕರ ಒಪ್ಪಿಗೆ ಓಟಿಪಿಯಲ್ಲೇ ಮುಗಿಯಬಾರದು, ಮಕ್ಕಳ ಖಾತೆಯಿಂದ ಖರ್ಚಾಗುವ ದುಡ್ಡಿಗೆ ಸಣ್ಣ ಮಿತಿ ಇರಬೇಕು ಅಂತ ಕೇಂದ್ರಕ್ಕೆ ಶಿಫಾರಸು ಮಾಡಲು ಕೇಳಿ. ಇಷ್ಟು ಬರೆದು ತನ್ನಿ, ಮೊದಲ ಸಹಿ ನನ್ನದೇ.

ಅದು ಆಗುವಾಗ ಆಗಲಿ. ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹನ್ನೆರಡು ಗಂಟೆಯಿಂದ ನಾನು ಎಂಟನೇ ಕ್ಲಾಸಿನ ಕೊಠಡಿಯಲ್ಲಿ ಇರುತ್ತೇನೆ. ಫೋನ್ ತೆಗೆದುಕೊಂಡು ಬನ್ನಿ, ಪಾಸ್‌ವರ್ಡ್ ನೆನಪಿಟ್ಟುಕೊಂಡು ಬನ್ನಿ, ಸೆಟ್ಟಿಂಗ್ಸ್ ಎಲ್ಲ ಒಟ್ಟಿಗೆ ಕೂತು ಮಾಡೋಣ. ಮಗನನ್ನೂ ಕರೆದುಕೊಂಡು ಬನ್ನಿ. ಅವನಿಗೆ ಗೊತ್ತಾಗದ ಹಾಗೆ ಮಾಡುವುದು ಬೇಡ, ಅವನ ಎದುರಿಗೇ ಮಾಡೋಣ, ಅವನು ಏನು ಹೇಳುತ್ತಾನೋ ಅದನ್ನೂ ಕೇಳೋಣ.

ಇಂತಿ,
ನಿಮ್ಮ ಮಕ್ಕಳಿಗೆ ಪಾಠ ಹೇಳುವ ಒಬ್ಬ ಹೈಸ್ಕೂಲ್ ಟೀಚರ್